ಕರೆಂಟು ಹೋದಾಗ

ಕೌಲ್ ಬಜಾರಿನ ಜೀನ್ಸ್ ಶೆಡ್ಡು. ಕರೆಂಟು ಹೋದರೆ
ಹದಿನೆಂಟು ಮಿಷನ್ನು ಒಮ್ಮೆಗೇ ಬಾಯಿ ಮುಚ್ಚುತ್ತವೆ.
ಮಾಬುನ್ನಿಗೆ ಅದು ಅಂಗಾಲಿನಿಂದ ಗೊತ್ತಾಗುತ್ತದೆ:
ನೆಲದ ನಡುಕ ನಿಂತಿತಲ್ಲ.

ಬುತ್ತಿ ಡಬ್ಬಿಗೆ ಮೊಬೈಲು ಆನಿಸಿ ಕೂತಳು.
ಜಪಾನಿನವರು ಬರೆದ ಚಿತ್ರ, ಬರೆದ ಪ್ರೀತಿ.
ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿಯಲ್ಲಿ ಒಬ್ಬ ಹುಡುಗಿ,
ಅವಳ ಕಿವಿಯ ಹಿಂದೂ
ಶೇಂಗಾಕಾಯಿಯಷ್ಟು ಒಂದು ಮಿಷನ್ನು.
ಹುಡುಗ ಕೈಮಾತು ಕಲಿಯುತ್ತಾನೆ, ತಪ್ಪು ತಪ್ಪು.

ಕೆಳಗೆ ಓಡುವ ಇಂಗ್ಲಿಷು ಹಿಡಿಯಲಾಗದೆ
ಕಿವಿ ಇದ್ದ ನಾವೆಲ್ಲ
ಮಾಬುನ್ನಿಯ ತೋಳು ಜಗ್ಗಿದೆವು: ಏನಂದ? ಏನಂತೆ?
ಮೊದಲ ಸಲ.
ಆ ಸನ್ನೆ ನಮ್ಮದಲ್ಲ, ಎಂದಿತು ಅವಳ ಕೈ.
ಆದರೆ ಆ ಹೆದರಿಕೆ ನಮ್ಮದೇ.

ಹುಲಿಗೆಮ್ಮ ಮೂಗು ಮುರಿದಳು:
ಇಷ್ಟು ಬೆಳ್ಳಗಿದ್ರ ಕಿವುಡಿಗೂ ಗಂಡು ಸಿಗ್ತಾನ ಬಿಡವ್ವ.
ನಮ್ಮ ಬಣ್ಣದಾಕಿ
ಒಬ್ಬಾಕಿನಾರ ಅದಾಳೇನು ಅದರಾಗ?

ಮಾಬುನ್ನಿ ಅವಳ ತುಟಿ ಓದಿದಳು. ಚಿತ್ರ ನಿಲ್ಲಿಸಿದಳು.
ಆ ಹಾಲುಮುಖದ ಮೇಲೆ ಹೆಬ್ಬೆರಳು ಎಳೆದಳು,
ಬೆಳಗಿನಿಂದ ಡೆನಿಮ್ಮು ಹಿಡಿದ ಹೆಬ್ಬೆರಳು.
ಕೆನ್ನೆಯಿಂದ ಕಿವಿಯವರೆಗೆ
ಗಾಜಿನ ಮೇಲೆ ನೀಲಿ ಗೀರು.

ಅಂಗಾಲು ನಡುಗಿತು. ಮೊದಲು ಎದ್ದವಳು ಅವಳೇ.
ಒರೆಸದೆ, ಹಾಗೇ
ಮೊಬೈಲನ್ನು ಸೆರಗಿನಲ್ಲಿ ಸುತ್ತಿಕೊಂಡಳು.