ನಾಕು ಮಿನಿಟು

ಹದಿಮೂರು ವರ್ಷದ ಲ್ಯಾಪ್‌ಟಾಪು.
ಒಂದು ಕೀಲು ಮುರದು ಕರೇ ದಾರ ಸುತ್ತೇನಿ,
ಗುಂಡಿ ಮ್ಯಾಲಿನ ಅಕ್ಷರ ಸವದು ಬರೇ ಬೆರಳಿಗೆ ಗೊತ್ತು.
ಜಮಖಂಡಿ ಸಬ್‌ರಜಿಸ್ಟ್ರಾರ ಆಫೀಸಿನ ಎದುರು
ತಗಡಿನ ಕೆಳಗ ಕುಂತು
ಎಷ್ಟು ಎಕರೆ ಟೈಪ್ ಮಾಡೇನಿ ಇದರಾಗ,
ಇಡೀ ತಾಲೂಕು ಎರಡು ಸಲ ಮಾರಿದಂಗ.

ಇಮಾಮಹುಸೇನ ಅದನ್ನ ಬೋರಲು ಹಾಕಿದ.
ಹತ್ತು ಸ್ಕ್ರೂ. ಚಾದ ಬಶಿಯೊಳಗ
ಬಿಚ್ಚಿದ ದಿಕ್ಕಿಗೆ ಸರಿಯಾಗಿ ಇಟ್ಟ:
ಪೂರ್ವಕ್ಕ ಮೂರು, ಪಶ್ಚಿಮಕ್ಕ ಮೂರು.
ನನಗ ನಗು ಬಂತು, ಚೆಕ್ಕುಬಂದಿ ಹಾಕ್ಯಾನ ಹುಡುಗ.
ಮುಚ್ಚಳ ಎಬ್ಬಿಸಿದರ ಒಳಗ
ಧೂಳು, ಒಂದು ಸತ್ತ ಇರಿವಿ,
ಯಾರದೋ ಹಣಿಯಿಂದ ಉದುರಿದ ಕುಂಕುಮ.

"ಇದು ತಿರಗೂ ಡಿಸ್ಕ್ ಅಕ್ಕಾರ, ಗಿರಣಿ ಇದ್ದಂಗ.
ಹೊಸಾದ್ರಾಗ ತಿರಗೂದ ಏನೂ ಇಲ್ಲ"
ಅಂತ ಎಸ್‌ಎಸ್‌ಡಿ ಅಂಗೈಯಾಗಿಟ್ಟ.
ಹಗೂರ. ತುಂಬಿದ ಕಡ್ಡಿಪೆಟಿಗಿನೂ ಇದಕ್ಕಿಂತ ಭಾರ.
ಮೂರು ವಾಟ್ನಿ ಪತ್ರದ ದುಡ್ಡು ಅದಕ್ಕ.
"ಎಲ್ಲಾ ಕಾಪಿ ಮಾಡ್ಲೋ, ಬೇಕಾದ್ದಷ್ಟನೋ?"

ಬೇಕಾದ್ದು ಅಂದರ?

ಖರೇದಿ, ಗಹಾಣ, ವಾಟ್ನಿ, ಬಕ್ಷೀಸು,
ಕಡೀಕ 'ಹಕ್ಕುಬಿಟ್ಟ ಪತ್ರ ನಮೂನೆ'.
ಅದು ನಂದು.
ಅಪ್ಪ ಹ್ವಾದ ವರ್ಷ
ಅಣ್ಣಗ ಬರಕೊಟ್ಟದ್ದು. ನಾನ ಟೈಪ್ ಮಾಡಿದ್ದೆ,
ಫೀ ತಗೊಳ್ಳಲಿಲ್ಲ.
'ಶಶಿಕಲಾ ಕೋಂ ಮುರಿಗೆಪ್ಪ ತುಂಗಳ,
ಯಾರ ಒತ್ತಾಯವೂ ಇಲ್ಲದೆ, ನನ್ನ ಸ್ವಸಂತೋಷದಿಂದ'
ಎರಡು ಎಕರೆ ಹನ್ನೊಂದು ಗುಂಟೆ, ಉತ್ತರಕ್ಕೆ ಹಳ್ಳ.
ಆಮ್ಯಾಲ ಬಂದ ಅಕ್ಕ ತಂಗೀರಿಗೆಲ್ಲಾ
ಅದನ್ನ ತಗದು, ನನ್ನ ಹೆಸರು ಅಳಿಸಿ, ಅವರದು ಹಾಕೂದು.
ಸ್ವಸಂತೋಷ ಇದ್ದಂಗ ಇರ್ತಿತ್ತು,
ಯಾರೂ ಅದನ್ನ ತಿದ್ದಿಸಲಿಲ್ಲ.
ಒಮ್ಮೆ ಮೂರನೇ ಪುಟದಾಗ ಉಳಕೊಂಡಿದ್ದೆ ನಾನು.
ಸಾಹೇಬರು ಕೇಳಿದರು:
"ನಡುವ ಈ ಶಶಿಕಲಾ ಯಾರು?"

ಎಲ್ಲಾ ಮಾಡು, ಅಂದೆ.

ಹಳೇ ಡಿಸ್ಕ್ ಏಳಾಕ ನಾಕು ಮಿನಿಟು.
ಗರ್ ಅಂತ ತಿರಗೂದು, ತಡವರಸೂದು,
ಪರದೆಯೊಳಗ ಚುಕ್ಕಿ ಸುತ್ತು ಹೊಡಿಯೂದು.
ಅಷ್ಟೊತ್ತು ಬೆಂಚಿನ ಮ್ಯಾಲ ಆಕಿ, ಬಾಜೂಕ ಅಣ್ಣ,
ಅಣ್ಣನ ತೊಡಿ ಮ್ಯಾಲ ಹೊಸಾ ಸೀರಿ ಚೀಲ.
ಮಾತಿಲ್ಲ.
ಸಾವಳಗಿ ಕಡೆಯ ಸಂಕವ್ವ
ಎರಡನೇ ಮಿನಿಟಿಗೆ ಸೆರಗು ಝಾಡಿಸಿದಳು,
ಮೂರನೇದಕ್ಕ ಎದ್ದಳು.
"ನೀರು ಕುಡದ ಬರ್ತೀನಿ" ಅಂದಾಕಿ
ಇವತ್ತಿಗೂ ಬಂದಿಲ್ಲ.
ಅಣ್ಣ ಮಿಷಿನ್ನಿಗೆ ಬೈದ.
ನಾನೂ ಬೈದೆ, ಅಂವಗ ಕೇಳೂ ಹಂಗ.

ಇಮಾಮಹುಸೇನ ಗುಂಡಿ ಒತ್ತಿದ.
ಹನ್ನೊಂದು ಎಣಿಸೂದ್ರಾಗ ಎದ್ದು ಕುಂತಿತು,
ಪಿಟ್ ಅನ್ನಲಿಲ್ಲ.
"ನೋಡ್ರಿ ಅಕ್ಕಾರ!" ತನ್ನ ಕೂಸು ನಡದಷ್ಟು ಖುಷಿ ಅಂವಗ.
ನನಗೂ ಆತು, ಸುಳ್ಳ್ಯಾಕ ಹೇಳ್ಲಿ.
ಬಶಿಯಾಗ ಒಂದು ಸ್ಕ್ರೂ ಉಳಿದಿತ್ತು.
"ನಡೀತೈತಿ ಬಿಡ್ರಿ" ಅಂದ.
ಹಳೇದನ್ನ ಪೇಪರಿನ್ಯಾಗ ಸುತ್ತಿ ಕೊಟ್ಟ,
ಇನ್ನೂ ಬೆಚ್ಚಗಿತ್ತು.

ನಾಳೆ ಹತ್ತಕ್ಕ ಮರೇಗುದ್ದಿಯಿಂದ ಒಬ್ಬಾಕಿ ಬರ್ತಾಳ,
ಮೂರು ಮಂದಿ ಅಣ್ಣಂದಿರ ಜೋಡಿ.
ಪ್ಲಗ್ ಸಡಲಾಗೇತಿ ಅಂತೀನಿ.
ಅವರನ್ನ ಚಾಕ್ಕ ಕಳಸ್ತೀನಿ.
ಗೇಟಿನಾಚೆ ನೀರಿನ ನಳ ಎಲ್ಲೈತಿ
ಅಂತ ಆಕೀಗೆ ತೋರಿಸಿ,
ಗುಂಡಿ ಮ್ಯಾಲ ಬೆರಳಿಟ್ಟು
ಮನಸಿನ್ಯಾಗ ಇನ್ನೂರಾ ನಲವತ್ತರತನಕ ಎಣಸ್ತೀನಿ.