ಹತ್ತನೇ ಅಂಕಿ

ಸೆಕೆಂಡಿಗೊಂದು. ದನಿಯಲ್ಲಿ ಏರಿಳಿತ ಇರಬಾರದು.
ಕೈಪಿಡಿಯ ನಿಯಮ.
ಅದಕ್ಕೇ ಗೋಡೆ ಗಡಿಯಾರದ ಮುಂದೆ ಕೂತು
ತಿಂಗಳುಗಟ್ಟಲೆ ಅಂಕಿ ಓದಿದೆ.
ತಮ್ಮ ನಕ್ಕ: "ಯವ್ವಾ, ಅಕ್ಕ ರೈಲ್ವೆ ಅನೌನ್ಸ್‌ಮೆಂಟ್ ಆಗ್ಯಾಳ ನೋಡು."

ಶಹಾಬಾದಿನ ಶಾಲೆ. ಫರಸಿ ಹಾಸಿದ ನೆಲ,
ಊರ ತುಂಬ ಅದೇ ಕಲ್ಲು: ಗೋಡೆ, ಛತ್ತು, ಒಗೆಯುವ ಬಂಡೆ, ಗೋರಿ.
ಮುಖ್ಯಗುರುಗಳು ಸ್ಟೋರ್ ರೂಮು ಬಿಡಿಸಿಕೊಟ್ಟರು.
ಒಂದು ಮೂಲೆಗೆ ಬಿಸಿಯೂಟದ ತೊಗರಿಬೇಳೆ ಚೀಲ,
ಇನ್ನೊಂದಕ್ಕೆ ಅಚ್ಚು ಮುರಿದ ಗ್ಲೋಬು,
ನಡುವೆ ನಾನು,
ನೂರಾ ಇಪ್ಪತ್ತು ಮಕ್ಕಳ ಅಲ್ಪಾವಧಿ ಸ್ಮೃತಿ
ಅಳೆಯಲು ಬಂದವಳು.

"ಇದಕ್ಕ ಮಾರ್ಕ್ಸ್ ಎಷ್ಟ್ರಿ ಟೀಚರ್?"
ಮಾರ್ಕ್ಸ್ ಇಲ್ಲ.
"ಮತ್ತ್ಯಾಕ್ರಿ?"
ಮೊದಲ ಅಧ್ಯಾಯದಲ್ಲಿ ಇದಕ್ಕೆ ನಲವತ್ತು ಪುಟ ಬರೆದಿದ್ದೇನೆ.
ಒಂದು ಸಾಲೂ ಬಾಯಿಗೆ ಬರಲಿಲ್ಲ.
ಬಿಸ್ಕೀಟು ಕೊಟ್ಟೆ.

ಮಹೆಜಬೀನ್, ಏಳನೇತ್ತಾ, ಕ್ರಮಸಂಖ್ಯೆ ಐವತ್ತಾರು.
ಅಪ್ಪ ಪಾಲಿಶ್ ಮಷೀನಿನ ಕೆಲಸದವ,
ದುಪಟ್ಟಾದ ಅಂಚಿಗೆ ಮನೆಯಿಂದಲೇ ಬಂದ ಕಲ್ಲುಪುಡಿ.
ನಾಲ್ಕು ಅಂಕಿ ಹೇಳಿದಳು. ಐದಕ್ಕೆ ತಡವರಿಸಿದಳು.
ಎರಡು ಸಲ ತಪ್ಪಿದರೆ ನಿಲ್ಲಿಸಬೇಕು. ನಿಲ್ಲಿಸಿದೆ.
ಪೆನ್ಸಿಲಿನಲ್ಲಿ ಬರೆದೆ: ೪.
ಹೊರಗೆ ವರಾಂಡದಾಗ ಕೂಡವ್ವ.
ಸಿದ್ರಾಮ ಬಂದ.
ಕಿಟಕಿಯ ಕದ ಸೊಟ್ಟಗಾಗಿತ್ತು, ಮುಚ್ಚಲಿಲ್ಲ.
ಅವನು ಆರು, ಏಳು, ಎಂಟು ದಾಟಿ
ಒಂಬತ್ತು ಅಂಕಿಯ ಕೊನೆಯ ಸಾಲು ಮುಟ್ಟಿದ.
ಕಾಲಂ ತುಂಬಿತು. ಜ್ಞಾನಗಂಗೆಯಲ್ಲಿ ಗೈಡ್ ಖುಷಿಯಾದರು.

ಮೂರು ವಾರದ ಮೇಲೆ ಮತ್ತೆ ಹೋದೆ, ಕೆಲವು ಸಹಿ ಉಳಿದಿದ್ದವು.
ನೀರಿನ ಟಾಕಿಯ ಹತ್ತಿರ ಅವಳು.
"ಟೀಚರ್, ಅವತ್ತ ಸಿದ್ರಾಮಗ ಒಂದು ಫೋನ್ ನಂಬರ್ ಹೇಳಿದ್ರಲ್ಲ,
ಯಾರದ್ರಿ ಅದು?"
ಯಾವ ನಂಬರು?
ಹೇಳಿದಳು. ಒಂಬತ್ತೂ.
ಸೆಕೆಂಡಿಗೊಂದಲ್ಲ;
ನಾವೆಲ್ಲ ನಂಬರು ಹೇಳುವಂತೆ, ಮೂರು ಮೂರರ ಗಂಟು ಕಟ್ಟಿ.
ಚೀಲದಿಂದ ಹಾಳೆ ತೆಗೆದು ನೋಡಿದೆ.
ಒಂದೂ ತಪ್ಪಿರಲಿಲ್ಲ.

"ಒಂದು ಅಂಕಿ ಕಮ್ಮಿ ಇತ್ರಿ. ನೀವು ಮರ್ತೀರಿ ಅಂತ ನಾನೇ ಹಾಕ್ದೆ.
ಅಬ್ಬಾನ ಮೊಬೈಲಿಂದ ಹಚ್ಚಿದೆ.
ಮೊದಲ ಸ್ವಿಚ್ ಆಫ್ ಅಂತು. ಬ್ಯಾರೆ ಅಂಕಿ ಹಾಕ್ದೆ.
ಒಬ್ಬಾಕಿ ಎತ್ತಿದ್ಳು. ಔರಾದದಾಕಿ, ಬಳಿ ಮಾರ್ತಾಳಂತ.
ಯಾರವ್ವ ನೀ ಅಂದ್ಳು. ಯಾರೂ ಅಲ್ರಿ ಅಂದೆ.
ಈಗ ಶುಕ್ರವಾರಕ್ಕೊಮ್ಮೆ ಮಾತಾಡ್ತೀವಿ.
ಮರಾಠಿದಾಗ ಎಣಿಸೋದು ಕಲಿಸ್ಯಾಳ."
ಬೆರಳ ಗೆಣ್ಣಿನ ಮೇಲೆ ಎಣಿಸಿ ತೋರಿಸಿದಳು,
ಏಕ್, ದೋನ್, ತೀನ್... ಬಾರಾ ಎಂದು ನಿಂತಳು.
ಬಳೆಯದು ಡಜನ್ನಿನ ಲೆಕ್ಕ.

ಹತ್ತನೇದು ಯಾವುದೇ, ಅಂದೆ.
ತಲೆ ಅಲ್ಲಾಡಿಸಿದಳು.
"ಅದು ನಂದ್ರಿ. ನೀವು ಬರಕೊಂತೀರಿ."

ಗೈಡ್ ಕನ್ನಡಕ ತೆಗೆದಿಟ್ಟರು:
ಕಿಟಕಿಯಿಂದ ಕೇಳಿದ್ದು ದತ್ತಾಂಶ ಅಲ್ಲಮ್ಮ,
ಐವತ್ತಾರು ತೆಗೆದುಬಿಡು.
ಅವರು ಹೇಳಿದ್ದು ಸರಿ. ಕಿಟಕಿ ನಾನು ನೋಡಬೇಕಿತ್ತು.
ಇಪ್ಪತ್ತನ್ನು ಹತ್ತೊಂಬತ್ತು ಎಂದು ತಿದ್ದಿದೆ,
ಹದಿನೇಳು ಕೋಷ್ಟಕಗಳಲ್ಲಿ, ಒಂದು ಇಡೀ ರಾತ್ರಿ.

ಸಹಿ ತಂದ ಆ ಸಂಜೆಯೇ, ಶಹಾಬಾದ್ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ,
ಕಲಬುರಗಿ ಪ್ಯಾಸೆಂಜರ್ ತಡ ಇತ್ತು,
ಹಾಳೆ ನೋಡಿಕೊಂಡು ಒಂಬತ್ತು ಒತ್ತಿದ್ದೆ.
ಹೆಬ್ಬೆರಳು ಗಾಳಿಯಲ್ಲಿ.
ಸೊನ್ನೆಯಿಂದ ಒಂಬತ್ತರ ತನಕ ಯಾವುದಾದರೂ ಆಗಬಹುದು,
ಎತ್ತಿದವಳಿಗೆ ಏನು ಹೇಳಲಿ?
ಯಾರೂ ಅಲ್ರಿ ಅನ್ನಲು ನನಗೆ ಬಾರದು.
ಅಳಿಸಿದೆ.

ಮೇಲೆ ಅನೌನ್ಸ್‌ಮೆಂಟಿನ ಹೆಣ್ಣು
ಗಾಡಿಯ ನಂಬರು ಬಿಡಿಸಿ ಬಿಡಿಸಿ ಓದಿದಳು,
ಏರಿಳಿತ ಇಲ್ಲದೆ, ಐದು ಅಂಕಿ.
ಗಾಡಿ ಬರುವತನಕ ಮನಸ್ಸಿನಲ್ಲೇ ಹೇಳಿಕೊಂಡೆ.
ನಾಲ್ಕು ಬಂದವು.
ಹತ್ತಿದೆ.