ಒಳಗೆ ಹಿಡಿದ ಬಟ್ಟೆ

ಮೊದಲ ಸಲ ಜಾರಿದ್ದು ಬಂಡಲು ಎತ್ತುವಾಗ,
ನಲವತ್ತು ಪ್ಯಾಂಟಿನ ಬಂಡಲು, ತಲೆ ಮೇಲಿನ ಅಟ್ಟಕ್ಕೆ.
ಆಮೇಲೆ ಅದಕ್ಕೆ ನೆಪವೇ ಬೇಡವಾಯಿತು.
ಕೌಲ್ ಬಜಾರಿನ ಬಸ್ಸಿನಲ್ಲಿ ಸರಳು ಹಿಡಿದಾಗ,
ಜಡೆ ಹಾಕಿಕೊಳ್ಳುವಾಗ,
ಒಮ್ಮೆ ನಿದ್ದೆಯಲ್ಲಿ, ಕನಸಿನೊಳಗೆ ಯಾರಿಗೋ ಟಾಟಾ ಮಾಡುತ್ತ.
ತೋಳು ಪಕ್ಕದಲ್ಲಿ ತೂಗುತ್ತಿತ್ತು
ಯಾರೋ ಮರೆತುಹೋದ ಚೀಲದ ಹಾಗೆ.

ದೊಡ್ಡಾಸ್ಪತ್ರೆಯಲ್ಲಿ ಮೂರು ಮೊಳೆ ಹೊಡೆದು ದಾರ ಬಿಗಿದರು.
"ನಿಮ್ಮ ಕೆಲಸಾನೇ ಅಮ್ಮ, ಹೊಲಿಗೆ" ಅಂದರು ಡಾಕ್ಟರು.
ಯಾವ ನಂಬರಿನ ದಾರ ಸಾರ್, ಕೇಳಬೇಕೆಂದಿದ್ದೆ,
ಅಷ್ಟರಲ್ಲಿ ಮಂಪರು.

ಆರು ವಾರ ಜೋಳಿಗೆಯಲ್ಲಿ ಕೈ.
ಬಿಚ್ಚಿದ ದಿನ ಕನ್ನಡಿಯಲ್ಲಿ ನೋಡಿದರೆ
ಬಲಗಡೆ ಭುಜ ಇಳಿದುಹೋಗಿದೆ,
ಮೂಳೆ ಮಾತ್ರ, ಹ್ಯಾಂಗರಿನ ತುದಿ.
ರವಿಕೆ ಜೋಲುತ್ತಿತ್ತು.
ಎಡಗೈಯಲ್ಲೇ ಸೂಜಿ ಹಿಡಿದು, ಸೊಟ್ಟಸೊಟ್ಟ,
ಬೆರಳಗಲ ಬಟ್ಟೆ ಒಳಗೆ ಹಿಡಿದೆ.
ಇಪ್ಪತ್ತೆರಡು ವರ್ಷ ಊರವರ ಸೊಂಟ ಅಳೆದವಳು
ನನ್ನ ಭುಜಕ್ಕೆ ಟೇಪು ಹಿಡಿದದ್ದು ಅವತ್ತೇ ಮೊದಲು.

ರುಖಿಯಾ ಮೇಡಂ ಹೇಳಿದರು: ಮೊದಲು ಗೋಡೆ ನೂಕು.
ಗೋಡೆ ಅಲುಗಬಾರದು, ಕೈಯೂ ಅಲುಗಬಾರದು,
ಒಳಗಿನ ಸ್ನಾಯು ಮಾತ್ರ ಎಚ್ಚರಾಗಬೇಕು.
ಹತ್ತು ಎಣಿಸು, ಬಿಡು. ಹತ್ತು ಎಣಿಸು, ಬಿಡು.
ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು ಸ್ವಲ್ಪ ಹೊತ್ತು:
"ಏನೇ ಸುಂಕಮ್ಮ, ಬಾಡಿಗೆ ಮನೆ ಗೋಡೆ ಐತೆ ಅದು,
ಬಿದ್ರೆ ಓನರ್‌ಗೆ ಏನ್ ಹೇಳೋದು?"

ಆಮೇಲೆ ಬೆರಳು ಗೋಡೆ ಹತ್ತಬೇಕು.
ತೋರುಬೆರಳು, ನಡುಬೆರಳು, ಒಂದರ ಹಿಂದೆ ಒಂದು,
ಕೋಟೆ ಗುಡ್ಡದ ಮೆಟ್ಟಿಲು ಹತ್ತುವ ಮುದುಕರು,
ನಿಂತು, ಉಸಿರು ಬಿಟ್ಟು, ಮತ್ತೆ.
ಎಲ್ಲಿ ನಿಂತವೋ ಅಲ್ಲಿ ಬಟ್ಟೆಗೆ ಗುರುತು ಹಾಕುವ ಚಾಕಿನಲ್ಲಿ ಗೆರೆ.
ಸೋಮವಾರದ ಗೆರೆ.
ಗುರುವಾರದ್ದು ಅದರ ಮೇಲೆ ಅರ್ಧ ಇಂಚು.
ಮುಂದಿನ ಸೋಮವಾರದ್ದು ಕೆಳಗೆ.
ಅದನ್ನೂ ಒರೆಸಲಿಲ್ಲ.

ಮೇಡಂ ಕೊಟ್ಟ ಹಳದಿ ರಬ್ಬರು ಪಟ್ಟಿ
ಏಪ್ರಿಲ್ ಬಿಸಿಲಿಗೆ ಕಿಟಕಿ ಸರಳಿನಲ್ಲೇ ಹರಿಯಿತು.
ತಿಪ್ಪೇರುದ್ರ ಯೂನಿಟ್ಟಿನಿಂದ ಸೊಂಟದ ಎಲಾಸ್ಟಿಕ್ ತಂದುಕೊಟ್ಟ.
"ನಿನ್ನ ಮಷೀನು ಈಗ ಹೊಸ ಹುಡುಗಿ ಓಡಿಸ್ತಾಳೆ ಅಕ್ಕ" ಅಂದ,
ಹೇಳಬಾರದಿತ್ತು ಅನಿಸಿತೇನೋ, ಚಾ ಪೂರ್ತಿ ಕುಡಿಯದೆ ಹೋದ.
ಅವತ್ತು ಮೂರು ಸುತ್ತು ಜಾಸ್ತಿ ಎಳೆದೆ.
ಮೊಣಕೈಗೂ ಪಕ್ಕೆಲುಬಿಗೂ ನಡುವೆ ಸುರುಳಿ ಸುತ್ತಿದ ಡೆನಿಮ್ ತುಂಡು,
ಅದು ಬೀಳಬಾರದು. ಕೈ ಹೊರಗೆ. ನಿಧಾನ ಒಳಗೆ.
ಎಲಾಸ್ಟಿಕ್ ಒಂದೆಳೆ.
ಆಷಾಢಕ್ಕೆ ಎರಡೆಳೆ.

ಹಾಲು ಹೆಪ್ಪಾಗುವುದನ್ನು ಕೂತು ನೋಡಿದವರುಂಟೆ?
ಅರ್ಧ ಲೀಟರು ನೀರಿನ ಬಾಟಲಿ, ಆಮೇಲೆ ಒಂದು ಲೀಟರು.
ಶ್ರಾವಣದಲ್ಲಿ ಜೋಳದ ಹಿಟ್ಟು ತಟ್ಟಿದೆ.
ಮೊದಲ ರೊಟ್ಟಿ ಆಂಧ್ರದ ಭೂಪಟ,
ನಾಲ್ಕನೆಯದು ದುಂಡಗೆ.
ಅತ್ತೆ ಏನೂ ಅನ್ನಲಿಲ್ಲ. ಎರಡು ತಿಂದಳು,
ಭೂಪಟವನ್ನೂ ಸೇರಿಸಿ.

ಬಲ ಬಂತು, ಭಯ ಹೋಗಿಲ್ಲ.
ಮೇಡಂ ತೋಳು ಮೇಲೆತ್ತಿ ಹಿಂದಕ್ಕೆ ಬಾಗಿಸಿ
"ಜಾರೋ ಹಂಗೆ ಅನ್ನಿಸ್ತೈತಾ?" ಕೇಳುತ್ತಾರೆ.
ಮೊಳೆ ಗಟ್ಟಿ, ದಾರ ಗಟ್ಟಿ,
ನನ್ನ ಮುಖವೇ ಮೊದಲು ಬಿಗಿಯುತ್ತದೆ.
"ಮುಖಕ್ಕೂ ವ್ಯಾಯಾಮ ಐತಾ ಮೇಡಂ?"
ನಕ್ಕರು. ಮುಂದಿನ ತಿಂಗಳು ಬಾ ಅಂತ ಬರೆದರು.

ಇವತ್ತು ಬೆಳಿಗ್ಗೆ ಅದೇ ರವಿಕೆ ಭುಜದ ಹತ್ತಿರ ಕಚ್ಚಿತು.
ಕಳಚಿ, ಬ್ಲೇಡು ಹಿಡಿದು, ಬಲಗೈಯಲ್ಲಿ,
ಆ ಸೊಟ್ಟ ಹೊಲಿಗೆಯನ್ನು ಒಂದೊಂದೇ ಬಿಚ್ಚಿದೆ.
ಬಳ್ಳಾರಿ ಬಿಸಿಲಿಗೆ ರವಿಕೆಯೆಲ್ಲ ಮಾಸಿ ಇಟ್ಟಿಗೆ ಪುಡಿ,
ಒಳಗೆ ಹಿಡಿದಿದ್ದ ಬೆರಳಗಲ ಮಾತ್ರ
ಅಂಗಡಿಯಿಂದ ತಂದ ದಿನದ ಕಡುಗೆಂಪು.
ಅಂಚಿನುದ್ದಕ್ಕೂ ಸೂಜಿ ತೂತು.

ಹಾಗೇ ತೊಟ್ಟು ಯೂನಿಟ್ಟಿಗೆ ಹೊರಟಿದ್ದೇನೆ,
ಮಷೀನಿಗಲ್ಲ, ಸದ್ಯ ಬಟನ್ ಟೇಬಲ್ಲಿಗೆ.
ಯಾರಾದರೂ ಭುಜ ತೋರಿಸಿ ಕೇಳಿದರೆ ಹೇಳಿದರಾಯಿತು:
ಮಾಸಿದ್ದಕ್ಕೇ ಅಲ್ವೇನ್ರೇ
ನಮ್ಮಲ್ಲಿ ರೇಟು ಜಾಸ್ತಿ?